ಅಂಚೆ ಕಚೇರಿಯಲ್ಲಿ ಕೈ ಬದಲಾಗುವ ಕಾರು

ನ್ಯೂಜಿಲೆಂಡಿಗೆ ಸುತ್ತಾಡಲು ಬಂದ ಪರದೇಶದವರು ಅಲ್ಲಿ ಕಾರು ಕೊಳ್ಳಬಹುದು. ಗುರುತಿಗೆ ಪಾಸ್‌ಪೋರ್ಟು, ಕಾಗದ ತಲುಪಲು ಆ ದೇಶದಲ್ಲೊಂದು ವಿಳಾಸ, ಇಷ್ಟಿದ್ದರೆ ಸಾಕು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೊಂಡವರು ಒಂದು ಫಾರಂ ತುಂಬಿ ಸಣ್ಣ ಶುಲ್ಕ ಕಟ್ಟುತ್ತಾರೆ, ಮಾರಿದವರು ತಮ್ಮ ಕಡೆಯಿಂದ ತಿಳಿಸುತ್ತಾರೆ, ಕಾರು ಕೈ ಬದಲಾಗುತ್ತದೆ. ವಿಮೆ ಮಾಡಿಸಿದ್ದೀರಾ ಎಂದು ಯಾರೂ ಕೇಳುವುದಿಲ್ಲ.

ಈ ಕೊನೆಯ ಮಾತು ಕೇಳಿ ನಾನು ಬೆರಗಾದೆ. ದಾವಣಗೆರೆಯ ವಿಮಾ ಕಚೇರಿಯೊಂದರ ಮೋಟಾರು ಕ್ಲೇಮು ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ನಮ್ಮಲ್ಲಿ ಹಳೆಯ ಕಾರು ಒಬ್ಬರಿಂದ ಒಬ್ಬರಿಗೆ ಹೋಗಬೇಕಾದರೆ 29ನೇ ನಮೂನೆ, 30ನೇ ನಮೂನೆ, ಬ್ಯಾಂಕಿನ ಸಾಲವಿದ್ದರೆ ಅದು ತೀರಿದ್ದಕ್ಕೆ 35ನೇ ನಮೂನೆ, ಹೊರ ರಾಜ್ಯದ ಗಾಡಿಯಾದರೆ 28ನೇ ನಮೂನೆಯ ಎನ್ಒಸಿ ಬೇಕು. ಇವೆಲ್ಲದರ ಜೊತೆಗೆ ಚಾಲ್ತಿಯಲ್ಲಿರುವ ವಿಮೆಯ ಪ್ರತಿ. ಎಷ್ಟೋ ಜನ ಈ ತೊಡಕಿಗೆ ಹೆದರಿ ಆರ್‌ಸಿ ಪುಸ್ತಕವನ್ನು ಹಳೆಯ ಮಾಲೀಕನ ಹೆಸರಿನಲ್ಲೇ ಬಿಟ್ಟು ಗಾಡಿ ಓಡಿಸುತ್ತಾರೆ. ಅಪಘಾತವಾದ ದಿನ ನಮ್ಮ ಕಚೇರಿಯ ಮುಂದೆ ಬಂದು ನಿಲ್ಲುತ್ತಿದ್ದವರಲ್ಲಿ ಇಂಥವರು ಬಹಳ. ಹಂಪಿ, ಗೋಕರ್ಣದ ಕಡೆ ಬುಲೆಟ್ ಓಡಿಸಿಕೊಂಡು ಬರುವ ವಿದೇಶಿ ಹುಡುಗರಲ್ಲೂ ಅನೇಕರು ದೆಹಲಿಯ ಕರೋಲ್ ಬಾಗಿನಲ್ಲಿ ಕೊಂಡ ಗಾಡಿಯನ್ನು ಬೇರೆ ಯಾರದೋ ಹೆಸರಿನಲ್ಲೇ ಓಡಿಸುತ್ತಿರುತ್ತಾರೆ. ಅವರನ್ನು ಕಂಡಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಗಳು ಅಳಿಯ ಕ್ರೈಸ್ಟ್‌ಚರ್ಚಿನಲ್ಲಿದ್ದಾರೆ. ನಾನು ಹೋದಾಗ ಎರಡೂ ದ್ವೀಪಗಳನ್ನು ನಿಧಾನವಾಗಿ ಸುತ್ತಿ ಬರೋಣ ಎಂಬ ಮಾತು ಬಂತು. ಅವರ ಸ್ವಂತ ಕಾರು ಪುಟ್ಟದು, ಮೇಲಾಗಿ ಅದು ಅಳಿಯನ ಕೆಲಸಕ್ಕೆ ಬೇಕು. ಬಾಡಿಗೆಗೆ ಹಿಡಿಯುವುದೋ, ಹಳೆಯದೊಂದನ್ನು ಕೊಂಡು ಓಡಾಡಿ ಮತ್ತೆ ಮಾರುವುದೋ? ಅಳಿಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಲು ಕುಳಿತ. ನನ್ನ ಗಮನವೆಲ್ಲ ಆ ಲೆಕ್ಕದ ಹಿಂದೆ ಇದ್ದ ಕಾನೂನುಗಳ ಮೇಲೆ. ಅವನ್ನು ಹುಡುಕಿ ಓದುತ್ತ ಹೋದ ಹಾಗೆ ನನಗೆ ಸ್ಪಷ್ಟವಾಯಿತು: ಪ್ರವಾಸಿಯ ಕೈಗೆ ಬಾಡಿಗೆ ಕಾರು ಬರುತ್ತದೋ ಸ್ವಂತ ಕಾರು ಬರುತ್ತದೋ ಎಂಬುದನ್ನು ಆ ದೇಶದ ಸರ್ಕಾರ ಎಂದೋ, ಬೇರೇನನ್ನೋ ಮನಸ್ಸಿನಲ್ಲಿಟ್ಟುಕೊಂಡು, ತೀರ್ಮಾನ ಮಾಡಿಬಿಟ್ಟಿರುತ್ತದೆ. ನ್ಯೂಜಿಲೆಂಡಿನಲ್ಲಿ ಆ ತೀರ್ಮಾನಗಳು ಒಂದರ ಮೇಲೊಂದು ಬಂದು ಕೂತ ಕಥೆ ನೂರು ವರ್ಷಕ್ಕೂ ದೊಡ್ಡದು.

ಮೊದಮೊದಲು ಅಲ್ಲಿ ಪ್ರವಾಸಿಗೆ ಈ ಎರಡೂ ದಾರಿ ಇರಲಿಲ್ಲ. 1906ರಲ್ಲಿ ರೊಡಾಲ್ಫ್ ವಿಗ್ಲಿ ಎಂಬಾತ ದಕ್ಷಿಣ ದ್ವೀಪದಲ್ಲಿ ರೈಲು ಕೊನೆಯಾಗುತ್ತಿದ್ದ ಫೇರ್ಲಿಯಿಂದ ಮೌಂಟ್ ಕುಕ್ ಬುಡದ ಹರ್ಮಿಟೇಜ್ ಹೋಟೆಲಿಗೆ ಮೋಟಾರು ಸಂಚಾರ ಶುರುಮಾಡಿದ. ಹೋಟೆಲು ಸರ್ಕಾರದ್ದು, ದಾರಿ ಕುದುರೆ ಬಂಡಿಯದು, ನಡುವೆ ಸೇತುವೆಯಿಲ್ಲದ ಹೊಳೆಗಳು. ಆಮೇಲೆ ದೇಶದುದ್ದಕ್ಕೂ ಹಬ್ಬಿದ್ದು ಸರ್ವೀಸ್ ಕಾರುಗಳು. ದೊಡ್ಡ ಅಮೆರಿಕನ್ ಕಾರಿನ ಮೈಯನ್ನು ಕತ್ತರಿಸಿ, ಉದ್ದ ಮಾಡಿ, ಸಾಲು ಸಾಲಾಗಿ ಸೀಟು ಹಾಕಿ, ಅಂಚೆ ಚೀಲದ ಜೊತೆ ಜನರನ್ನೂ ಊರಿಂದ ಊರಿಗೆ ಒಯ್ಯುತ್ತಿದ್ದ ಗಾಡಿಗಳು ಅವು. ಪ್ರವಾಸಿ ಕೊಳ್ಳುತ್ತಿದ್ದದ್ದು ಒಂದು ಸೀಟು. ಕಾರು ಕೆಟ್ಟರೆ, ಹೊಳೆ ಬಂದರೆ ಅದು ಡ್ರೈವರನ ಚಿಂತೆ. ನಮ್ಮ ಮಲೆನಾಡಿನಲ್ಲಿ ಹಿಂದೆ ಸರ್ವೀಸು ನಡೆಸುತ್ತಿದ್ದ ಖಾಸಗಿ ಮೋಟಾರುಗಳ ಕಥೆ ಕೇಳಿದವರಿಗೆ ಇದು ಹೊಸದೆನಿಸದು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಬಾಡಿಗೆ ಕಾರು ಹುಟ್ಟಿತು. ನೆಬ್ರಾಸ್ಕದ ಒಮಾಹಾ ಊರಿನಲ್ಲಿ ಜೋ ಸಾಂಡರ್ಸ್ 1916ರಲ್ಲಿ ಫೋರ್ಡ್ ಮಾಡೆಲ್ ಟಿ ಕಾರಿಗೆ ಮೈಲಿ ಎಣಿಸುವ ಮೀಟರು ಕಟ್ಟಿ, ಮೈಲಿಗಿಷ್ಟು ಎಂದು ಕೊಡಲು ಶುರುಮಾಡಿದ. 1918ರಲ್ಲಿ ಷಿಕಾಗೋದ ವಾಲ್ಟರ್ ಜೇಕಬ್ಸ್ ಒಂದು ಡಜನ್ ಮಾಡೆಲ್ ಟಿ ಇಟ್ಟುಕೊಂಡು ಅಂಗಡಿ ತೆರೆದ. ಐದು ವರ್ಷದಲ್ಲಿ ಅದನ್ನು ಜಾನ್ ಹರ್ಟ್ಜ್ ಕೊಂಡ. 1946ರಲ್ಲಿ ವಾರನ್ ಏವಿಸ್ ವಿಮಾನ ನಿಲ್ದಾಣದಲ್ಲೇ ಕಾರು ಕೊಡುವ ಏರ್ಪಾಡು ಮಾಡಿದ. ವ್ಯಾಪಾರಕ್ಕೆ ಬಂದು ಎರಡು ದಿನದಲ್ಲಿ ಹಿಂತಿರುಗುವವರಿಗೆ ಹೇಳಿ ಮಾಡಿಸಿದ ಸೌಲಭ್ಯ ಇದು. ದಿನಕ್ಕಿಷ್ಟು ಎಂಬ ಲೆಕ್ಕದ ಹುಟ್ಟು ಅಲ್ಲಿದೆ. ತಿಂಗಳುಗಟ್ಟಲೆ ಅಲೆಯುವವರನ್ನು ಯಾರೂ ಆಗ ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ, ಹಾಗಾಗಿಯೇ ದೀರ್ಘ ಪ್ರವಾಸಕ್ಕೆ ಆ ಲೆಕ್ಕ ಇಂದಿಗೂ ಒಗ್ಗುವುದಿಲ್ಲ.

ನ್ಯೂಜಿಲೆಂಡಿನಲ್ಲಿ ಕಾರು ಕೊಳ್ಳುವುದೇ ಒಂದು ತಪಸ್ಸಾಗಿದ್ದ ಕಾಲವಿತ್ತು. 1938ರ ಕೊನೆಯಲ್ಲಿ ವಿದೇಶಿ ವಿನಿಮಯ ಬರಿದಾಗುತ್ತ ಬಂದಾಗ ಅಲ್ಲಿನ ಲೇಬರ್ ಸರ್ಕಾರ ಆಮದಿಗೆ ಲೈಸೆನ್ಸು ಕಡ್ಡಾಯ ಮಾಡಿತು. ಅಷ್ಟು ಹೊತ್ತಿಗೆ ವೆಲಿಂಗ್ಟನ್ ಬಳಿಯ ಪೆಟೋನಿಯಲ್ಲಿ ಜನರಲ್ ಮೋಟರ್ಸ್, ಸೀವ್ಯೂನಲ್ಲಿ ಫೋರ್ಡ್ ಕಾರ್ಖಾನೆ ಇಟ್ಟು, ಹಡಗಿನಲ್ಲಿ ಬಂದ ಬಿಡಿಭಾಗ ಜೋಡಿಸಿ ಕಾರು ಮಾಡುತ್ತಿದ್ದವು. ಬಿಡಿಭಾಗಕ್ಕೂ ಲೈಸೆನ್ಸು ಬೇಕಾದ್ದರಿಂದ ಹೊಸ ಕಾರಿಗೆ ವರ್ಷಗಟ್ಟಲೆ ಸರದಿ ಕಾಯಬೇಕಾಯಿತು. 1950ರಲ್ಲಿ ಒಂದು ಒಳದಾರಿ ತೆರೆಯಿತು: ಇಂಗ್ಲೆಂಡಿನಲ್ಲೋ ಬೇರೆಲ್ಲೋ ಸ್ವಂತ ಹಣ ಇದ್ದವರು ಆ ಹಣದಿಂದ ಬೆಲೆಯ ಒಂದು ಭಾಗ ಕೊಟ್ಟರೆ ಅವರಿಗೆ ಹೊಸ ಕಾರು ಬೇಗ ಸಿಗುತ್ತಿತ್ತು, ಏಕೆಂದರೆ ಅದರಿಂದ ದೇಶದ ಬೊಕ್ಕಸದ ಪೌಂಡು ಖರ್ಚಾಗುತ್ತಿರಲಿಲ್ಲ. ಇದರ ಫಲವಾಗಿ, ಒಂದೆರಡು ವರ್ಷ ಓಡಿದ ಕಾರು ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಹೋಗುತ್ತಿತ್ತು.

ನಾನು ಇದನ್ನು ಓದುತ್ತಿದ್ದಾಗ ಕಣ್ಣ ಮುಂದೆ ಬಂದದ್ದು ನಮ್ಮ ಅಪ್ಪನ ಬಜಾಜ್ ಸ್ಕೂಟರು. ಬುಕ್ ಮಾಡಿ ವರ್ಷಗಳು ಕಳೆದರೂ ಅಪ್ಪನ ಸರದಿ ಬಂದಿರಲಿಲ್ಲ. ಆಗ ಕುವೈತಿನಲ್ಲಿದ್ದ ಚಿಕ್ಕಪ್ಪ ಡಾಲರು ಕಳಿಸಿದರು. ವಿದೇಶಿ ವಿನಿಮಯದ ಕೋಟಾದಲ್ಲಿ ಸ್ಕೂಟರು ಮನೆಗೆ ಬಂತು. ಬಂದ ವಾರವೇ ಬೀದಿಯವರೊಬ್ಬರು ಅಂಗಡಿ ಬೆಲೆಯ ಮೇಲೆ ಸಾವಿರಾರು ರೂಪಾಯಿ ಕೊಡುತ್ತೇನೆ, ಮಾರಿಬಿಡಿ ಎಂದು ಜಗಲಿಯ ಮೇಲೆ ಕೂತರು. ಅಪ್ಪ ಮಾರಲಿಲ್ಲ. ಭೂಗೋಳದ ಆ ತುದಿಯಲ್ಲಿ ಕುರಿ ಸಾಕುವ ಜನ, ಈ ತುದಿಯಲ್ಲಿ ದಾವಣಗೆರೆಯ ಮಿಲ್ಲಿನ ಗುಮಾಸ್ತ, ಇಬ್ಬರೂ ವಿನಿಮಯದ ಕೊರತೆಯಿಂದಾಗಿ ಒಂದೇ ಬಗೆಯ ಸಾಲಿನಲ್ಲಿ ನಿಂತಿದ್ದರು. ಅಂಥ ದೇಶದಲ್ಲಿ ಪ್ರವಾಸಿಯೊಬ್ಬ ನಾಲ್ಕು ತಿಂಗಳ ಮಟ್ಟಿಗೆ ಕಾರು ಕೊಳ್ಳುತ್ತೇನೆ ಎಂದರೆ, ಹಳೆಯ ಕಾರಿಗೂ ಆಸ್ತಿಯ ಬೆಲೆ ತೆರಬೇಕಾಗಿತ್ತು. ಬಾಡಿಗೆಯೇ ಗತಿ.

ಆ ಬಾಡಿಗೆಗೂ ಎರಡು ದ್ವೀಪಗಳ ನಡುವಿನ ಕುಕ್ ಜಲಸಂಧಿ ಅಡ್ಡ ಬರುತ್ತಿತ್ತು. 1962ರ ಆಗಸ್ಟಿನಲ್ಲಿ ಅರಾಮೊಆನ ಎಂಬ ಫೆರಿ ವೆಲಿಂಗ್ಟನ್ ಮತ್ತು ಪಿಕ್ಟನ್ ನಡುವೆ ಓಡಲು ಶುರುವಾಗುವವರೆಗೆ ಕಾರು ತಾನಾಗಿ ಹಡಗು ಹತ್ತುವಂತಿರಲಿಲ್ಲ. ಕ್ರೇನಿನಿಂದ ಎತ್ತಿ ಹಡಗಿನ ಹೊಟ್ಟೆಗೆ ಇಳಿಸಬೇಕಿತ್ತು. ಫೆರಿ ಬಂದ ಮೇಲೂ ದೊಡ್ಡ ಬಾಡಿಗೆ ಸಂಸ್ಥೆಗಳು ತಮ್ಮ ಕಾರನ್ನು ನೀರು ದಾಟಿಸಲು ಬಿಡುತ್ತಿರಲಿಲ್ಲ. ವೆಲಿಂಗ್ಟನ್ನಿನ ಬಂದರಿನಲ್ಲಿ ಕೀ ಒಪ್ಪಿಸಿ, ಪೆಟ್ಟಿಗೆ ಹೊತ್ತು ಫೆರಿ ಹತ್ತಿ, ಮೂರೂವರೆ ಗಂಟೆಯ ನಂತರ ಪಿಕ್ಟನ್ನಿನಲ್ಲಿ ಇನ್ನೊಂದು ಕಾರಿನ ಕೀ ಪಡೆಯುವುದು ಪದ್ಧತಿ. ಮಕ್ಕಳು, ಮುದುಕರು, ಅಡುಗೆಯ ಸಾಮಾನು ಕಟ್ಟಿಕೊಂಡು ಹೊರಟವರಿಗೆ ಇದು ಎಂಥ ತಾಪತ್ರಯವೆಂದು ಬೇರೆ ಹೇಳಬೇಕಿಲ್ಲ. ಸ್ವಂತ ಕಾರು ಇದ್ದವರು ಅದೇ ಫೆರಿಯ ಹೊಟ್ಟೆಯೊಳಕ್ಕೆ ಓಡಿಸಿಕೊಂಡು ಹೋಗಿಬಿಡುತ್ತಿದ್ದರು.

ಈಗ ನನ್ನ ವೃತ್ತಿಗೆ ಸೇರಿದ ಮಾತಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮೋಟಾರು ಅಪಘಾತದಲ್ಲಿ ಗಾಯಗೊಂಡ ಮೂರನೆಯವರ ಪರವಾಗಿ ವಿಮೆ ಕಡ್ಡಾಯವಾಗಬೇಕು ಎಂದು ಜಗತ್ತಿನಲ್ಲಿ ಬಹು ಮೊದಲು ಕಾನೂನು ಮಾಡಿದ ದೇಶಗಳಲ್ಲಿ ನ್ಯೂಜಿಲೆಂಡೂ ಒಂದು, ವರ್ಷ 1928. ಬ್ರಿಟನ್ ಅದನ್ನು 1930ರಲ್ಲಿ ಮಾಡಿತು. ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆಯಲ್ಲಿ ಆ ಅಧ್ಯಾಯ ಇತ್ತಾದರೂ ಜಾರಿಗೆ ಬಂದದ್ದು 1946ರಲ್ಲಿ. ಅಂದರೆ ಈ ಮೂರೂ ದೇಶ ಒಂದೇ ದಾರಿಯಲ್ಲಿ ಹೊರಟಿದ್ದವು. ಆದರೆ 1967ರಲ್ಲಿ ನ್ಯಾಯಾಧೀಶ ಓವನ್ ವುಡ್‌ಹೌಸ್ ನೇತೃತ್ವದ ಆಯೋಗ ನ್ಯೂಜಿಲೆಂಡ್ ಸರ್ಕಾರಕ್ಕೆ ಒಂದು ವರದಿ ಕೊಟ್ಟಿತು. ಗಾಯಾಳು ಕೋರ್ಟಿಗೆ ಹೋಗಿ, ಎದುರಿನವನ ತಪ್ಪು ಸಾಬೀತು ಮಾಡಿ, ಆಮೇಲೆ ಪರಿಹಾರ ಪಡೆಯುವ ವ್ಯವಸ್ಥೆಯೇ ಸರಿಯಿಲ್ಲ. ತಪ್ಪು ಯಾರದ್ದಾದರೂ ಇರಲಿ, ಗಾಯವಾದವರ ಹೊಣೆ ಇಡೀ ಸಮಾಜದ್ದು ಎಂಬುದು ಅದರ ತಿರುಳು. 1972ರಲ್ಲಿ ಕಾಯ್ದೆಯಾಯಿತು, 1974ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಸಿಸಿ ಎಂದು ಎಲ್ಲರೂ ಕರೆಯುವ ಸಂಸ್ಥೆ ಅದನ್ನು ನಡೆಸುತ್ತದೆ. ರಸ್ತೆಯಲ್ಲಿ ಗಾಯಗೊಂಡವರ ಚಿಕಿತ್ಸೆಗೆ ಹಣ ಬರುವುದು ವಾಹನದ ವಾರ್ಷಿಕ ಲೈಸೆನ್ಸು ಶುಲ್ಕದ ಒಂದು ಭಾಗದಿಂದ, ಪೆಟ್ರೋಲಿನ ಬೆಲೆಯೊಳಗಿನ ಒಂದು ಪಾಲಿನಿಂದ. ದುಡಿಯುವ ನಿವಾಸಿಯಾದರೆ ವಾರದ ಸಂಪಾದನೆಯ ಶೇಕಡಾ 80ರವರೆಗೆ ಸಿಗುತ್ತದೆ. ಪ್ರವಾಸಿಗಾದರೆ ಸಂಪಾದನೆಯ ನಷ್ಟ ತುಂಬಿಕೊಡುವುದಿಲ್ಲ, ಆದರೆ ಅಲ್ಲಿನ ಚಿಕಿತ್ಸೆಗೆ ನೆರವು ಸಿಗುತ್ತದೆ. ಇದಕ್ಕೆ ಪ್ರತಿಯಾಗಿ, ಗಾಯಕ್ಕೆ ಪರಿಹಾರ ಕೊಡಿ ಎಂದು ಒಬ್ಬರ ಮೇಲೊಬ್ಬರು ದಾವೆ ಹೂಡುವ ಹಕ್ಕನ್ನು ಜನ ಬಿಟ್ಟುಕೊಟ್ಟರು.

ನಾನು ವರ್ಷಗಟ್ಟಲೆ ಕ್ಲೇಮ್ಸ್ ಟ್ರಿಬ್ಯೂನಲ್ಲಿನ ಕಡತಗಳನ್ನು ತಿರುವಿದವಳು. ಹರಿಹರದ ಸೇತುವೆಯ ಬಳಿ ಲಾರಿ ಹೊಡೆದು ಗಂಡನನ್ನು ಕಳೆದುಕೊಂಡ ಹೆಂಗಸು, ಲಾರಿಯವನದೇ ತಪ್ಪು ಎಂದು ತೋರಿಸಲು ಸಾಕ್ಷಿ ಹುಡುಕಿಕೊಂಡು ಓಡಾಡಿದ್ದನ್ನು ನೋಡಿದ್ದೇನೆ. ಡ್ರೈವರನ ಲೈಸೆನ್ಸು ಸರಿಯಿತ್ತೇ, ಪಾಲಿಸಿಯ ಕಂತು ಕಟ್ಟಿತ್ತೇ, ಗಾಡಿ ಯಾರ ಹೆಸರಿನಲ್ಲಿತ್ತು ಎಂದು ನಮ್ಮ ಕಡೆಯವರು ಪ್ರಶ್ನೆ ಎತ್ತುತ್ತಿದ್ದರು. ಎತ್ತುವುದು ನಮ್ಮ ಕೆಲಸವಾಗಿತ್ತು. ಅಷ್ಟರಲ್ಲಿ ಅವಳ ಮಕ್ಕಳು ದೊಡ್ಡವರಾಗುತ್ತಿದ್ದರು. ಹೀಗಾಗಿ ವುಡ್‌ಹೌಸ್ ವರದಿಯ ಬಗ್ಗೆ ಓದಿದಾಗ ನನ್ನ ಕಣ್ಣು ತುಂಬಿ ಬಂತು ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಆ ವರದಿ ಬರೆದವರು ಪ್ರವಾಸಿಯ ಕಾರಿನ ಬಗ್ಗೆ ಯೋಚಿಸಿದ್ದಿರಲಾರದು. ಆದರೂ ಪ್ರವಾಸಿ ಕಾರು ಕೊಳ್ಳುವ ದಾರಿಯನ್ನು ಎಲ್ಲಕ್ಕಿಂತ ಹೆಚ್ಚು ಸುಗಮ ಮಾಡಿದ್ದು ಅದೇ. ಗಾಯದ ಹೊಣೆಯನ್ನು ದೇಶವೇ ಹೊತ್ತ ಮೇಲೆ ಕಡ್ಡಾಯ ಥರ್ಡ್ ಪಾರ್ಟಿ ವಿಮೆಯ ಅಗತ್ಯ ಉಳಿಯಲಿಲ್ಲ. ಅದಿಲ್ಲದ ಮೇಲೆ, ಊರಿಗೆ ಹೊಸಬನಾದ, ಇಪ್ಪತ್ತೆರಡು ವರ್ಷದ, ಯಾವ ವಿಮಾ ದಾಖಲೆಯೂ ಇಲ್ಲದ ಹುಡುಗನನ್ನು ಅಂಚೆ ಕಚೇರಿಯ ಕೌಂಟರಿನಲ್ಲಿ ತಡೆಯಲು ಕಾರಣವಿರಲಿಲ್ಲ. ಯುರೋಪಿನ ಹಲವು ದೇಶಗಳಲ್ಲಿ ಪ್ರವಾಸಿ ಕಾರು ಕೊಳ್ಳಲು ಹೋಗಿ ಸೋಲುವುದು ಸರಿಯಾಗಿ ಈ ಜಾಗದಲ್ಲಿ: ಕಾರಿಗೆ ಹಣ ಇರುತ್ತದೆ, ನಿವಾಸದ ದಾಖಲೆ ಇರುವುದಿಲ್ಲ, ವಿಮೆ ಸಿಗುವುದಿಲ್ಲ.

ಒಂದು ಮಾತು ಇಲ್ಲಿ ಸೇರಿಸಲೇಬೇಕು. ಎಸಿಸಿ ನೋಡಿಕೊಳ್ಳುವುದು ಮೈಗೆ ಆದ ಗಾಯವನ್ನು ಮಾತ್ರ. ನಿಮ್ಮ ಹಳೆಯ ಕಾರು ಹೋಗಿ ಯಾರದೋ ದುಬಾರಿ ಕಾರಿಗೆ ಗುದ್ದಿದರೆ ಆ ರಿಪೇರಿಯ ಹಣ ನಿಮ್ಮದೇ. ಕಾನೂನು ಕೇಳದಿದ್ದರೂ ಥರ್ಡ್ ಪಾರ್ಟಿ ವಿಮೆ ಮಾಡಿಸದೆ ಅಲ್ಲಿ ಗಾಡಿ ಹೊರಗೆ ತೆಗೆಯಬಾರದು. ಮಗಳಿಗೂ ನಾನು ಹೇಳಿದ ಮೊದಲ ಮಾತು ಅದೇ.

ಕೊಳ್ಳುವುದು ಸುಲಭವಾಯಿತು, ಅಗ್ಗವಾಗಲು ಇನ್ನೂ ಹತ್ತು ಹದಿನೈದು ವರ್ಷ ಬೇಕಾಯಿತು. 1984ರಲ್ಲಿ ಬಂದ ಸರ್ಕಾರ ಆಮದಿನ ಕಟ್ಟುಪಾಡುಗಳನ್ನು ಒಂದೊಂದಾಗಿ ಕಿತ್ತುಹಾಕಿತು. ಎಂಬತ್ತರ ದಶಕದ ಕೊನೆಗೆ ಜಪಾನಿನ ಬಳಸಿದ ಕಾರುಗಳು ಹಡಗು ಹಡಗಾಗಿ ಬಂದಿಳಿದವು. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷ ತುಂಬಿದಾಗ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ, ಶಾಕೆನ್ ಎಂಬ ಕಟ್ಟುನಿಟ್ಟಿನ ತಪಾಸಣೆ. ತೆರಿಗೆ, ವಿಮೆ ಎಲ್ಲ ಸೇರಿ ಖರ್ಚು ಜೋರು. ಇದರಿಂದ ಚೆನ್ನಾಗಿರುವ ಕಾರನ್ನೇ ಜನ ಬೇಗ ಮಾರಿಬಿಡುತ್ತಿದ್ದರು. ಜಪಾನಿನಲ್ಲೂ ನ್ಯೂಜಿಲೆಂಡಿನಲ್ಲೂ ಗಾಡಿ ಓಡುವುದು ರಸ್ತೆಯ ಎಡಗಡೆ, ಸ್ಟಿಯರಿಂಗು ಬಲಗಡೆ. ಹೀಗಾಗಿ ಏನನ್ನೂ ಬದಲಿಸಬೇಕಾಗಿರಲಿಲ್ಲ. ಕೆಲವು ವ್ಯಾಪಾರಿಗಳು ಮೀಟರು ಹಿಂದಕ್ಕೆ ತಿರುಗಿಸಿ ಮಾರಿದ ಕಥೆಗಳೂ ಆ ಕಾಲಕ್ಕೆ ಸೇರಿವೆ. ಕಾರಿನ ಬೆಲೆ ಕುಸಿಯಿತು. ಒಂದು ಕಾಲಕ್ಕೆ ಆಸ್ತಿಯಾಗಿದ್ದ ವಸ್ತು ಕೂಲಿಯವನ ಕೈಗೂ ಎಟುಕಿತು.

ಇದರ ಬೆಲೆ ತೆತ್ತವರೂ ಇದ್ದಾರೆ. 1998ರಲ್ಲಿ ಸರ್ಕಾರ ಕಾರಿನ ಮೇಲಿನ ಸುಂಕವನ್ನೇ ತೆಗೆದುಹಾಕಿತು. ಅದೇ ವರ್ಷ ಪೊರಿರುವಾದ ಮಿತ್ಸುಬಿಷಿ, ಥೇಮ್ಸ್ ಊರಿನ ಟೊಯೋಟಾ, ನೆಲ್ಸನ್ನಿನ ಹೋಂಡಾ ಜೋಡಣೆ ಘಟಕಗಳು ಬಾಗಿಲು ಹಾಕಿದವು. ಹತ್ತಿ ಗಿರಣಿಗಳು ಮುಚ್ಚಿದ ಊರಿನವಳು ನಾನು. ಕಾರ್ಖಾನೆ ನಿಂತ ಊರಿನ ಸಂಜೆ ಹೇಗಿರುತ್ತದೆ ಎಂಬುದನ್ನು ಯಾರೂ ನನಗೆ ವಿವರಿಸಬೇಕಿಲ್ಲ. ಅಗ್ಗದ ಕಾರಿನಲ್ಲಿ ಕೂತು ಆ ದೇಶದ ಚೆಲುವು ನೋಡುವವರು ಥೇಮ್ಸ್ ದಾಟಿ ಕೊರೊಮ್ಯಾಂಡಲಿನ ಕಡಲ ದಾರಿ ಹಿಡಿಯುವಾಗ ಇದನ್ನೂ ತಿಳಿದಿರಬೇಕು ಎಂದು ನನ್ನ ಆಸೆ.

ಕೊಳ್ಳುವ ಜನವೂ ಅದೇ ಹೊತ್ತಿಗೆ ಬಂದರು. ಜಪಾನಿನ ಜೊತೆ 1985ರಲ್ಲಿ, ಬ್ರಿಟನ್ನಿನ ಜೊತೆ 1993ರಲ್ಲಿ, ಜರ್ಮನಿಯ ಜೊತೆ 2000ದಲ್ಲಿ ವರ್ಕಿಂಗ್ ಹಾಲಿಡೇ ಒಪ್ಪಂದಗಳಾದವು. ಹಣ್ಣು ಕೀಳುವ ಕೆಲಸ ಮಾಡುತ್ತ ವರ್ಷವಿಡೀ ದೇಶ ಸುತ್ತುವ ಹುಡುಗ ಹುಡುಗಿಯರಿಗೆ ದಿನಕ್ಕಿಷ್ಟು ಎಂಬ ಬಾಡಿಗೆ ಹೇಗೆ ನಿಲುಕೀತು? ಬಾಡಿಗೆ ಕಂಪನಿಗಳು ಇಪ್ಪತ್ತೊಂದು ತುಂಬದವರಿಗೆ ಸಾಮಾನ್ಯವಾಗಿ ಕಾರು ಕೊಡುವುದಿಲ್ಲ, ಇಪ್ಪತ್ತೈದರ ಒಳಗಿನವರಿಗೆ ಹೆಚ್ಚಿನ ದರ ಹಾಕುತ್ತವೆ. ಹಾಗಾಗಿ ಅವರದೇ ಒಂದು ಮಾರುಕಟ್ಟೆ ಬೆಳೆಯಿತು. ಹಾಸ್ಟೆಲುಗಳ ಗೋಡೆಯ ಮೇಲೆ ಚೀಟಿಗಳು. ಆಕ್ಲೆಂಡಿನ ಎಲರ್ಸ್ಲಿ ಕುದುರೆ ಪಂದ್ಯದ ಮೈದಾನದಲ್ಲಿ ಭಾನುವಾರ ಬೆಳಗಿನ ಕಾರು ಸಂತೆ. ಕ್ರೈಸ್ಟ್‌ಚರ್ಚಿನ ಬ್ಯಾಟರ್ಸಿ ರಸ್ತೆಯಲ್ಲಿ ಇಂಥವರಿಗಾಗಿಯೇ ಒಂದು ಕಾರು ಮಾರುಕಟ್ಟೆ. 1999ರಲ್ಲಿ ಶುರುವಾದ ಟ್ರೇಡ್ ಮಿ ಜಾಲತಾಣ. ಟೊಯೋಟಾ ಎಸ್ಟಿಮಾ, ಹಯಾಸ್, ಮಿತ್ಸುಬಿಷಿ ಡೆಲಿಕಾ, ಮಜ್ದಾ ಬಾಂಗೊ ಗಾಡಿಗಳ ಹಿಂದಿನ ಸೀಟು ಕಿತ್ತು, ಹಲಗೆ ಹೊಡೆದು, ಹಾಸಿಗೆ ಹಾಸಿ, ಅಡಿಯಲ್ಲಿ ಗ್ಯಾಸ್ ಒಲೆ ಇಟ್ಟು ಮಾರುತ್ತಿದ್ದರು. ಒಂದು ಗಾಡಿ ಹೀಗೆ ಎಷ್ಟೋ ದೇಶದವರ ಕೈ ದಾಟುತ್ತಿತ್ತು.

ಇಂಥ ಸಂತೆಗಳು ಬೇರೆಡೆಯೂ ಇದ್ದವು. ಲಂಡನ್ನಿನಲ್ಲಿ ಆಸ್ಟ್ರೇಲಿಯಾ ಹೌಸಿನ ಎದುರು ಸ್ಟ್ರಾಂಡ್ ಬೀದಿಯಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡಿನ ಹುಡುಗರು ಯುರೋಪು ಸುತ್ತಿ ಬಂದ ಫೋಕ್ಸ್‌ವ್ಯಾಗನ್ ಕಾಂಬಿಗಳನ್ನು ಕೈಯಿಂದ ಕೈಗೆ ಮಾರುತ್ತಿದ್ದರು. ಫ್ರಾನ್ಸಿನದು ಬೇರೆಯೇ ಜಾಡು. ಅಲ್ಲಿ ಯುರೋಪಿನ ಆಚೆಯ ಪ್ರವಾಸಿ ರೆನೋ, ಪೂಜೋ, ಸಿಟ್ರೊಯೆನ್ ಕಂಪನಿಯಿಂದ ತೆರಿಗೆಯಿಲ್ಲದೆ ಹೊಚ್ಚಹೊಸ ಕಾರನ್ನು ಕೆಲವು ತಿಂಗಳ ಮಟ್ಟಿಗೆ ಕೊಳ್ಳುತ್ತಾನೆ, ಕಂಪನಿಯೇ ಅದನ್ನು ಹಿಂದಕ್ಕೆ ಕೊಳ್ಳುವುದೆಂದು ಮೊದಲೇ ಬರೆದಿರುತ್ತದೆ, ಅವನು ಕಟ್ಟುವುದು ಎರಡು ಬೆಲೆಗಳ ನಡುವಿನ ಅಂತರ. ವಿಮೆಯೂ ಅದರೊಳಗೇ. ಅಂಥ ಕಾರಿಗೆ ಕೆಂಪು ನಂಬರ್ ಪ್ಲೇಟು. ಕಾಗದದಲ್ಲಿ ಖರೀದಿ, ಅನುಭವದಲ್ಲಿ ಬಾಡಿಗೆ. ನಮ್ಮ ದೇಶದ ಕಡೆಯಿಂದ ನೋಡಿದರೆ, ಈ ಯಾವ ದಾರಿಯೂ ನಮ್ಮ ಹಿಂದಿನ ತಲೆಮಾರಿಗೆ ತೆರೆದಿರಲಿಲ್ಲ. ಕಾರಿನ ಮಾತಿರಲಿ, ಊಟಕ್ಕೆ ಬೇಕಾದ ಡಾಲರಿಗೂ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿತ್ತು. 2004ರಲ್ಲಿ ವರ್ಷಕ್ಕೆ 25,000 ಡಾಲರು ಹೊರಗೆ ಕಳಿಸಬಹುದು ಎಂದಾದ ಮೇಲೆಯೇ ಸಾಮಾನ್ಯ ಸಂಬಳದಾರರ ಮನೆಗಳಲ್ಲಿ ಇಂಥ ಪ್ರಶ್ನೆ ಎದ್ದದ್ದು.

ನಮ್ಮ ಕಾರಿಗೆ ಮರಳುತ್ತೇನೆ. ದಕ್ಷಿಣ ದ್ವೀಪದಲ್ಲಿ ಚಳಿಗೆ ಮುಂಚೆ, ಏಪ್ರಿಲ್ ಹೊತ್ತಿಗೆ ಕಾರಿನ ಬೆಲೆ ಇಳಿಯುತ್ತದೆ. ಪ್ರವಾಸಿಗಳಲ್ಲಿ ಬಹಳ ಮಂದಿ ಆಕ್ಲೆಂಡಿನಲ್ಲಿ ಇಳಿದು, ದಕ್ಷಿಣಕ್ಕೆ ಓಡಿಸುತ್ತ ಬಂದು, ಕ್ರೈಸ್ಟ್‌ಚರ್ಚಿನಲ್ಲಿ ವಿಮಾನ ಹತ್ತುವವರು; ಗಾಡಿಗಳು ಅಲ್ಲಿ ಬಂದು ತಂಗುತ್ತವೆ. ಬಾಡಿಗೆ ಕಂಪನಿಗಳಿಗೂ ಇದೇ ಪಾಡು. ತಮ್ಮ ಕಾರನ್ನು ಉತ್ತರಕ್ಕೆ ತಲುಪಿಸಿದರೆ ಸಾಕು ಎಂದು ಅವು ಬರೀ ಒಂದು ಡಾಲರಿಗೆ ಕೊಡುವುದುಂಟು, ಆದರೆ ದಾರಿಯಲ್ಲಿ ನಿಂತು ನೋಡಲು ಸಮಯ ಸಿಗದು. ಅಳಿಯನ ಲೆಕ್ಕದ ಪ್ರಕಾರ ಮೂರು ವಾರದೊಳಗಿನ ಪ್ರವಾಸಕ್ಕೆ ಬಾಡಿಗೆ, ಎರಡು ತಿಂಗಳು ದಾಟಿದರೆ ಖರೀದಿ. ನಡುವೆ ಇರುವುದು ಅವರವರ ಧೈರ್ಯ. ನಮ್ಮದು ದೀರ್ಘ ಯಾತ್ರೆ, ಮೇಲಾಗಿ ಉತ್ತರಕ್ಕೆ ಹೋಗುವಂಥದ್ದು.

"ಅಮ್ಮ, ಜರ್ಮನಿಯ ಜೋಡಿಯೊಂದು ಕೊರೊಲ್ಲಾ ಫೀಲ್ಡರ್ ಮಾರ್ತಿದೆಯಂತೆ, ನೋಡ್ಕೊಂಡು ಬರೋಣ ಬಾ" ಎಂದಳು ಮಗಳು.

"ಗಾಡಿ ಆಮೇಲೆ ನೋಡೋಣ ಕಣೇ, ಮೊದಲು ಕಾಗದ ತರಿಸು" ಎಂದೆ.

ಅಲ್ಲಿನ ಕಾಗದ ನೋಡುವುದು ನನಗೆ ಹಬ್ಬವಾಯಿತು. ಡಬ್ಲ್ಯುಒಎಫ್ ಎಂಬ ಸುಸ್ಥಿತಿಯ ಪ್ರಮಾಣಪತ್ರ 1937ರಿಂದ ಇದೆ. ನಾವು ಕೊಂಡಾಗ 2000ಕ್ಕಿಂತ ಹಳೆಯ ಕಾರಿಗೆ ಆರು ತಿಂಗಳಿಗೊಮ್ಮೆ, ಆಮೇಲಿನವಕ್ಕೆ ವರ್ಷಕ್ಕೊಮ್ಮೆ ತಪಾಸಣೆ ಇತ್ತು. ಮಾರುವಾಗ ಅದು ಒಂದು ತಿಂಗಳಿಗಿಂತ ಹಳೆಯದಾಗಿರಬಾರದು. ಇಲ್ಲವಾದರೆ ಇದ್ದ ಹಾಗೇ ಕೊಳ್ಳುತ್ತೇನೆ ಎಂದು ಕೊಳ್ಳುವವರು ಬರೆದುಕೊಡಬೇಕು. ಕಾರಿನ ಮೇಲೆ ಸಾಲವಿದೆಯೇ ಎಂದು ತಿಳಿಯಲು 2002ರಿಂದ ಸಾರ್ವಜನಿಕ ನೋಂದಣಿ ಪುಸ್ತಕವಿದೆ, ಚಿಲ್ಲರೆ ಹಣಕ್ಕೆ ಯಾರು ಬೇಕಾದರೂ ನೋಡಬಹುದು. ಸಾಲ ಕಟ್ಟದ ಮಾಲೀಕ ಮಾರಿ ಹೋಗಿದ್ದರೆ ಬ್ಯಾಂಕಿನವರು ಹೊಸಬರ ಬಾಗಿಲಿಗೆ ಬರುತ್ತಾರೆ. ಡೀಸೆಲ್ ಗಾಡಿಯಾದರೆ ಇನ್ನೊಂದು ಎಚ್ಚರ. ಅಲ್ಲಿ ರಸ್ತೆಯ ತೆರಿಗೆ ಪೆಟ್ರೋಲಿನ ಬೆಲೆಯೊಳಗೇ ಇದೆ, ಡೀಸೆಲಿನಲ್ಲಿ ಇಲ್ಲ. 1978ರಿಂದ ಡೀಸೆಲ್ ವಾಹನದವರು ಸಾವಿರ ಕಿಲೋಮೀಟರಿನ ಲೆಕ್ಕದಲ್ಲಿ ರಸ್ತೆ ಬಳಕೆಯ ಶುಲ್ಕವನ್ನು ಮೊದಲೇ ಕಟ್ಟಿ, ಚೀಟಿಯನ್ನು ಗಾಜಿಗೆ ಅಂಟಿಸಬೇಕು. ಚೀಟಿಯ ಅಂಕಿಗಿಂತ ಮೀಟರಿನ ಅಂಕಿ ಮುಂದೆ ಹೋಗಿದ್ದರೆ ಬಾಕಿ ಕೊಂಡವರ ತಲೆಗೆ. ಡೆಲಿಕಾ ಒಂದು ಬಹಳ ಅಗ್ಗಕ್ಕೆ ಸಿಗುತ್ತಿದೆ ಎಂದು ಅಳಿಯ ಹಿಗ್ಗಿದ್ದ. ಚೀಟಿ ಓದಿ ಬೇಡವೆಂದೆ.

ಕೊರೊಲ್ಲಾ ಕೊಂಡೆವು. ಕೀ ತಿರುಗಿಸಿದ ಕೂಡಲೇ ಟೋಲ್ ಕಾರ್ಡು ಹಾಕಿಲ್ಲ ಎಂದು ಒಬ್ಬಾಕೆ ಜಪಾನೀ ಭಾಷೆಯಲ್ಲಿ ಎಚ್ಚರಿಸುತ್ತಿದ್ದಳು. ರೇಡಿಯೋದಲ್ಲಿ 90ರ ಮೇಲಿನ ಸ್ಟೇಷನ್ನುಗಳು ಬರುತ್ತಿರಲಿಲ್ಲ, ಜಪಾನಿನ ಎಫ್ಎಂ ಪಟ್ಟಿ ಬೇರೆ. ಜರ್ಮನಿಯ ಹುಡುಗಿ ತನ್ನ ಒಲೆ, ಪಾತ್ರೆ, ಒಣಗಲು ಹಾಕುವ ಹಗ್ಗ ಎಲ್ಲವನ್ನೂ ಬಿಟ್ಟುಕೊಟ್ಟಳು. ಆ ಒಲೆಯ ಮೇಲೆ ನಾನು ಟೆಕಾಪೊ ಸರೋವರದ ದಂಡೆಯಲ್ಲಿ ಅವಲಕ್ಕಿ ಒಗ್ಗರಣೆ ಮಾಡಿದೆ.

ಬಾಡಿಗೆಯ ಪರವಾಗಿಯೂ ಹೇಳಬೇಕಾದ್ದಿದೆ. ಲ್ಯೂಯಿಸ್ ಪಾಸಿನ ಘಟ್ಟದಲ್ಲಿ ನಮ್ಮ ರೇಡಿಯೇಟರ್ ಕೈಕೊಟ್ಟಾಗ ಬದಲಿ ಗಾಡಿ ಕಳಿಸುವವರು ಯಾರೂ ಇರಲಿಲ್ಲ. ರಿಪೇರಿಯ ಹಣವನ್ನು ನಾವೇ ತೆತ್ತೆವು. ಬಾಡಿಗೆ ಕಾರಿನವರಿಗೆ ಆ ಚಿಂತೆಯಿಲ್ಲ. ಆದರೆ ಅವರ ಕರಾರನ್ನು ನಾನು ವಿಮೆಯವಳ ಕಣ್ಣಿನಿಂದ ಓದಿದ್ದೇನೆ. ಎಕ್ಸೆಸ್ ಎಂಬ ಹೆಸರಿನಲ್ಲಿ ಸಾವಿರಾರು ಡಾಲರು ನಷ್ಟ ಗಿರಾಕಿಯದು, ಅದನ್ನು ಇಳಿಸಲು ದಿನದಿನವೂ ಬೇರೆ ಹಣ. ಕ್ವೀನ್ಸ್‌ಟೌನಿನ ಹತ್ತಿರದ ಸ್ಕಿಪ್ಪರ್ಸ್ ಕಣಿವೆಯ ದಾರಿ, ಉತ್ತರದ ನೈಂಟಿ ಮೈಲ್ ಬೀಚು, ಈ ಜಾಗಗಳಿಗೆ ಕಾಲಿಟ್ಟರೆ ವಿಮೆಯೇ ಇಲ್ಲ. ನಮ್ಮ ಪರಿಚಯದ ಮೈಸೂರಿನ ದಂಪತಿಗೆ ಒಂದು ಕಂಪನಿ, ಗಾಜಿನ ಮೇಲಿನ ಹಳೆಯ ಬಿರುಕಿಗೂ ಹಣ ಹಿಡಿದುಕೊಂಡಿತು. ತೆಗೆದುಕೊಳ್ಳುವ ಮೊದಲು ಕಾರಿನ ನಾಲ್ಕೂ ಮಗ್ಗುಲಿನ ಫೋಟೋ ತೆಗೆದಿರಬೇಕು, ಗಾಜು, ಚಕ್ರ ಬಿಡದೆ.

2020ರ ಮಾರ್ಚ್ 19ರಂದು ನ್ಯೂಜಿಲೆಂಡ್ ತನ್ನ ಗಡಿ ಮುಚ್ಚಿತು, ಪೂರ್ತಿ ತೆರೆದದ್ದು 2022ರ ಜುಲೈ ಕೊನೆಗೆ. ಹೊಸ ಪ್ರವಾಸಿಗಳಿಲ್ಲದೆ ಈ ಕೈ ಬದಲಿಯ ಸರಪಣಿ ತುಂಡಾಯಿತು. ಮತ್ತೆ ಜೋಡಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಕಾನೂನು. ಊರಾಚೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಿ ಮಲಗುವವರ ಮೇಲೆ 2011ರಲ್ಲಿ ಒಂದು ಕಾಯ್ದೆ ಬಂದಿತ್ತು. 2023ರ ತಿದ್ದುಪಡಿ ಅದನ್ನು ಬಿಗಿ ಮಾಡಿತು. ಅಂಥ ತಂಗುದಾಣಗಳಲ್ಲಿ ಮಲಗಲು ಅರ್ಹತೆ ಬೇಕಾದರೆ ಗಾಡಿಯೊಳಗೆ ಕದಲದಂತೆ ಕೂರಿಸಿದ ಶೌಚಾಲಯ ಇರಲೇಬೇಕು, ಎತ್ತಿ ಇಡುವ ಪೆಟ್ಟಿಗೆ ಸಾಲದು. ಹಳೆಯ ನೀಲಿ ಗುರುತಿನ ಜಾಗಕ್ಕೆ ಹಸಿರು ಗುರುತು. ಹಾಸಿಗೆ ಹಾಸಿದ ಎಸ್ಟಿಮಾಗಳಲ್ಲಿ ಶೌಚಾಲಯ ಕೂರಿಸಲು ಜಾಗವೆಲ್ಲಿ? ನದಿ ದಡಗಳ ಗಲೀಜು ಕಂಡ ಹಳ್ಳಿಯವರ ಸಿಟ್ಟು ನ್ಯಾಯವಾದದ್ದೇ. ಆದರೂ ಬಡ ಹುಡುಗರ ಗಾಡಿಯ ಬೆಲೆಯನ್ನು ಈ ಕಾನೂನು ಒಂದೇ ಏಟಿಗೆ ಇಳಿಸಿತು, ದೊಡ್ಡ ಕಂಪನಿಗಳ ಬಾಡಿಗೆ ಕ್ಯಾಂಪರ್‌ವ್ಯಾನಿಗೆ ಅನುಕೂಲ ಮಾಡಿತು. ಬಾಡಿಗೆಯ ತಟ್ಟೆ ಮತ್ತೆ ತೂಗತೊಡಗಿದೆ.

ನಮ್ಮ ಕೊರೊಲ್ಲಾದಲ್ಲಿ ನಾವು ಮಲಗುತ್ತಿರಲಿಲ್ಲ, ಹಾಗಾಗಿ ಆ ಕಾನೂನು ನಮ್ಮನ್ನು ತಟ್ಟಲಿಲ್ಲ. ಆಕ್ಲೆಂಡಿನಲ್ಲಿ ಅದನ್ನು ಕೊಂಡದ್ದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಲು ಆಗಷ್ಟೇ ಬಂದಿದ್ದ ಕೇರಳದ ನರ್ಸೊಬ್ಬಳು. ಕೊಂಡ ಬೆಲೆಗಿಂತ ಸ್ವಲ್ಪವೇ ಕಡಿಮೆಗೆ ಹೋಯಿತು. ರೇಡಿಯೇಟರಿನ ಖರ್ಚು ಕೂಡಿಸಿದರೂ ಅಷ್ಟು ಕಾಲದ ಬಾಡಿಗೆಯ ಹತ್ತಿರಕ್ಕೂ ಬರಲಿಲ್ಲ. ಅವಳು ಮೊದಲು ಕೇಳಿದ್ದು ಡಬ್ಲ್ಯುಒಎಫ್ ತಾರೀಖನ್ನು. ಮಗಳು ಫೋನಿನಲ್ಲೇ ಮಾರಾಟದ ಸೂಚನೆ ಕಳಿಸಿದಳು. ವಿಮೆಯನ್ನು ಇವತ್ತೇ ನಿನ್ನ ಹೆಸರಿನಲ್ಲಿ ಬೇರೆ ಮಾಡಿಸು, ಕಾನೂನು ಕೇಳುವುದಿಲ್ಲ ಎಂದು ಸುಮ್ಮನಿರಬೇಡ ಎಂದು ನಾನು ಆ ಹುಡುಗಿಗೆ ಹೇಳಿದೆ. ಅಲ್ಲೇ ನಿಂತು ಮಾಡಿಸಿದಳು.